ಬೈಲಪ್ಪನ ನಂಬರಿಗೆ ಬಂದ ವೀಳ್ಯ

"ಬಂದಿರೋ ಒಂದು ಮೆಸೇಜೂ ತೆಗೀಬ್ಯಾಡ ತಮ್ಮಾ. ಹೊರಗಿಂದ್ಲೇ ಮುಚ್ಚಿಬಿಡು," ಎಂದು ಕಾಟಮ್ಮ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಫೋನನ್ನು ಮೊಬೈಲ್ ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟಳು.

ಅವಳ ಗಂಡ, ಜಗಳೂರು ಸೀಮೆಯ ಬೈಲಪ್ಪ, ಮಾಟದಲ್ಲಿ ಎತ್ತಿದ ಕೈ. ಅವನು ಕಣ್ಣು ಕೆಂಪು ಮಾಡಿದರೆ ತೆಂಗಿನಮರ ತಲೆ ತಗ್ಗಿಸುತ್ತಿತ್ತು, ಕೆಮ್ಮಿದರೆ ಮೂರು ಊರಿನ ಎಮ್ಮೆಗಳ ಹಾಲು ಬತ್ತುತ್ತಿತ್ತು. ಕೊನೆಗಾಲದಲ್ಲಿ ಮೊಣಕಾಲು ನೋವೆಂದು ಕಸುಬನ್ನೇ ವಾಟ್ಸಾಪಿಗೆ ತಂದಿದ್ದ. ಆಗದವರ ಫೋಟೋ, ಹೆಸರು ಕಳಿಸಿದರೆ ಸಾಕಿತ್ತು. ಅವನು ಸತ್ತು ಹನ್ನೊಂದು ದಿನವಾಗಿತ್ತು. ಅದು ಗೊತ್ತಿಲ್ಲದವರು ಇನ್ನೂ ಕಳಿಸುತ್ತಲೇ ಇದ್ದರು. ಆ ಖಾತೆ ಅಳಿಸಿ ಎಂದು ಕಾಟಮ್ಮ ಜಗಳೂರು, ಚನ್ನಗಿರಿ, ಹೊನ್ನಾಳಿ ಸುತ್ತಿ ನ್ಯಾಮತಿಗೆ ಬಂದಿದ್ದಳು. ಬೈಲಪ್ಪನ ಹೆಸರೆತ್ತಿದ ಕಡೆಯಲ್ಲೆಲ್ಲ ಮಟಮಟ ಮಧ್ಯಾಹ್ನವೇ ಷಟರ್ ಇಳಿದಿತ್ತು.

ನ್ಯಾಮತಿಯಲ್ಲಿ ಮೊಬೈಲ್ ಅಂಗಡಿ ತೆರೆದು ತಿಂಗಳೂ ತುಂಬದ ಗುರುಬಸವರಾಜ್ ಮಾತ್ರ ನಕ್ಕ. ಇಡೀ ಜಿಲ್ಲೆಯಲ್ಲಿ ಅವನು ಬಿಚ್ಚದ ಲಾಕು ಎರಡೇ: ಗರ್ಭಗುಡಿಯದೊಂದು, ತಹಸೀಲ್ದಾರರ ಕಪಾಟಿನದೊಂದು.

"ತೆಗೆದ್ರೆ ಏನಾಗತೈತಮ್ಮಾ? ನಿಮ್ಮ ಯಜಮಾನ್ರು ಚಾರ್ಜರ್ ಕೇಳ್ಕೊಂಡು ಬರ್ತಾರಾ?"

"ನಮ್ಮ ಕಸುಬಿನಾಗೆ ವೀಳ್ಯ ಹಿಡಿದ್ರೆ ಕೆಲಸ ಒಪ್ಪಿಕೊಂಡಂಗೆ. ಕಳಿಸಿದೋರ ಕಡೆ ನೀಲಿ ಗೆರೆ ಬಿತ್ತು ಅಂದ್ರೆ ವೀಳ್ಯ ಹಿಡಿದಂಗೆ. ಆಮ್ಯಾಲೆ ಕೈ ಯಾರದಾದ್ರೂ ಕೆಲಸ ನಡೀತೈತೆ."

ಕಾಟಮ್ಮ ಹೇಳಿದ ನಾಲ್ಕು ಅಂಕಿಗಳನ್ನು ಒತ್ತಿ, ಅವನು ಬೇಕೆಂದೇ ಮೊದಲ ಮೆಸೇಜು ತೆರೆದ. ಎದುರಂಗಡಿಯ ದರ್ಜಿಯ ಫೋಟೋ.

"ನೋಡ್ರಿ, ನಮ್ಮ ನಾಗೇಂದ್ರಪ್ಪನ್ನೇ ಮುಗಿಸ್ಬೇಕಂತೆ. ಯಾರದೋ ಪ್ಯಾಂಟು ಬಿಗಿಯಾಗಿ ಹೊಲಿದಿರಬೇಕು."

ಕಾಟಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗುತ್ತಲೇ ಅವನ ಹೆಬ್ಬೆರಳು ಎರಡನೆಯದನ್ನೂ ತೆರೆಯಿತು.

ಹಳದಿ ಸೀರೆಯ ಹೆಣ್ಣು. ಮದುವೆಯ ಫೋಟೋದಿಂದ ಕತ್ತರಿಸಿದ್ದು. ಅಂಚಿನಲ್ಲಿ ಅವನದೇ ಭುಜ ಉಳಿದಿತ್ತು. ಕೆಳಗೆ ಬರೆದಿತ್ತು: ಶಿವಲೀಲಾ, ಗಂಡ ಗುರುಬಸವರಾಜ್, ಹೊನ್ನಾಳಿ.

ಫೋನಿನಿಂದ ಸುಟ್ಟ ಕೂದಲಿನ ವಾಸನೆ ಎದ್ದಿತು. ಅದರ ಹಿಂದೆಯೇ ಕೊಳೆತ ನಿಂಬೆಹಣ್ಣಿನದು. ಬೆಳಗಿನಿಂದ ಒಂದೇ ಸಮನೆ ಕಟಕಟಿಸುತ್ತಿದ್ದ ಎದುರಿನ ಹೊಲಿಗೆ ಯಂತ್ರ ನಿಂತಿತು. ನಾಗೇಂದ್ರಪ್ಪ ಅರ್ಧ ಹೊಲಿದ ಬಟ್ಟೆಯ ಮೇಲೆ ಬೋರಲಾಗಿದ್ದ. ಜನ ಓಡಿ ಬಂದು ಹೊರಳಿಸಿದರು. ನಾಲಿಗೆ ಇದ್ದಿಲಿನಂತೆ ಕಪ್ಪಾಗಿತ್ತು.

ಗುರುಬಸವರಾಜ್ ಏನನ್ನೂ ಯೋಚಿಸಲಿಲ್ಲ. ಸೆಟ್ಟಿಂಗ್ಸ್. ಖಾತೆ. ಅಳಿಸು. ಹೌದು. ಪರದೆ ಖಾಲಿಯಾಯಿತು.

"ಅಳಿಸಿದೆ. ಮುಗೀತಲ್ಲ? ನನ್ನ ಹೆಂಡ್ತಿ ಹೆಸರಿತ್ತಮ್ಮಾ. ಮುಗೀತು ಅನ್ರಿ."

ಕಾಟಮ್ಮ ಸೆರಗು ತೆಗೆದಳು. ಮುಖದಲ್ಲಿ ರಕ್ತವಿರಲಿಲ್ಲ. "ಹಿಡಿದ ವೀಳ್ಯ ವಾಪಸ್ ಕೊಡಬೇಕಿತ್ತಲ್ಲೋ. ಕಳಿಸಿದೋರಿಗೆ ಇದೇ ನಂಬರಿಂದ 'ಒಲ್ಲೆ' ಅನ್ನಬೇಕು. ದರ್ಜಿ ಪಕ್ಕದಾಗಿದ್ದ, ತಟ್ಟನೆ ಮುಟ್ತು. ಹೊನ್ನಾಳಿ ಮುಟ್ಟಾಕೆ ಸ್ವಲ್ಪ ಹೊತ್ತು ಬೇಕು. ಯಾರು ಕಳಿಸಿದ್ದು?"

ಅವನು ಫೋಟೋ ನೋಡಿದ್ದ, ನಂಬರ್ ನೋಡಿರಲಿಲ್ಲ.

ಸಿಮ್ ಫೋನಿನಲ್ಲೇ ಇತ್ತು. ಅದೇ ನಂಬರಿಗೆ ಖಾತೆಯನ್ನು ಮತ್ತೆ ತೆರೆದ. ಒಂದು ಮೆಸೇಜೂ ಉಳಿದಿರಲಿಲ್ಲ. ಹೆಂಡತಿಗೆ ಕರೆ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಅವ್ವನಿಗೆ ಮಾಡಿದ. ಕಸ್ತೂರಮ್ಮ ಎತ್ತಿದಳು.

"ಮಲಗ್ಯಾಳಪ್ಪಾ. ತಲೆನೋವಂತೆ. ಗಾಬರಿ ಯಾಕೆ, ನಾನಿದೀನಲ್ಲ."

"ದವಾಖಾನೆಗೆ ಕರ್ಕೊಂಡು ಹೋಗವ್ವಾ. ಈಗ್ಲೇ."

"ತಲೆನೋವಿಗೆಲ್ಲ ದವಾಖಾನೆ ಏನಪ್ಪಾ. ನೀನು ಊಟ ಮಾಡು."

ಮದುವೆಯ ಫೋಟೋ ಇರುವುದು ಮನೆಮಂದಿಯ ಹತ್ತಿರ, ನೆಂಟರ ಹತ್ತಿರ. ಹೊನ್ನಾಳಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಬೆರಳು ಬಸ್ಸಿಗಿಂತ ವೇಗ. ತನ್ನ ಫೋನಿನ ಒಂದೊಂದೇ ನಂಬರನ್ನು ಸತ್ತವನ ಫೋನಿಗೆ ಒತ್ತಿದ. ಒಲ್ಲೆ. ಸೋದರಮಾವ. ಒಲ್ಲೆ. ನಾದಿನಿ. ಒಲ್ಲೆ. ಷಡ್ಡಕ, ಗೆಳೆಯರು, ಹಾಲಿನವನು. ಒಲ್ಲೆ, ಒಲ್ಲೆ, ಒಲ್ಲೆ. ಬೆವರಿಗೆ ಪರದೆ ಜಾರುತ್ತಿತ್ತು. ಕೂದಲು ಸುಟ್ಟ ವಾಸನೆ ಗಂಟಲಿಗಿಳಿಯುತ್ತಿತ್ತು.

ಉತ್ತರಗಳು ಬಂದವು. "ಯಾರ್ರೀ ನೀವು?" "ರಾಂಗ್ ನಂಬರ್." "ಏನು ಒಲ್ಲೆ ಮಾರಾಯಾ, ಕೊಡಾಕೆ ಯಾರು ಬಂದಿದ್ರು?"

ಕೊನೆಗೆ ಒಂದೇ ನಂಬರ್ ಉಳಿಯಿತು. ಮೊದಲಿನಿಂದಲೂ ಅದನ್ನು ದಾಟಿಕೊಂಡೇ ಬಂದಿದ್ದ. ಕಾಟಮ್ಮ ಅವನನ್ನೇ ನೋಡುತ್ತಿದ್ದಳು.

ಅವ್ವನ ನಂಬರ್ ಒತ್ತಿದ. ಒಲ್ಲೆ.

ಎರಡು ಗೆರೆ. ನೀಲಿಯಾದವು. ಆ ಕಡೆ ಬರೆಯುತ್ತಿದ್ದರು. ನಿಲ್ಲಿಸಿದರು. ಮತ್ತೆ ಬರೆದರು.

"ಈಗ ಒಲ್ಲೆ ಅಂದ್ರೆ ಹೆಂಗೆ ಸ್ವಾಮೇರೆ? ಆಗ್ಲೇ ಮುಗೀತಲ್ಲ. ಮಗನಿಗೆ ಏನಂತ ಹೇಳ್ಲಿ, ಅದೊಂದು ಹೇಳಿಕೊಡ್ರಿ."