ಅಪ್ಪ ಹೇಳದ ಮಾತು

"ಒಂದ್ ಕಡೆ ಕೂತ್ಕೋಬಾರ್ದಾ? ಕಾಲಲ್ಲಿ ಚಕ್ರ ಇದ್ಯಾ ನಿಂಗೆ?" ಆಸ್ಪತ್ರೆಯ ಬೆಂಚಿನಿಂದ ಅಮ್ಮ ಗದರಿದಳು.

ಮಗಳು ಕೂರಲಿಲ್ಲ. ಅವಳಿಗೆ ಪಾದರಸ ಎಂದು ಅಡ್ಡಹೆಸರಿಟ್ಟ ಅಪ್ಪ ಒಳಗೆ ಟ್ರೆಡ್‌ಮಿಲ್ ಮೇಲೆ ನಿಂತಿದ್ದ, ಎದೆತುಂಬ ವೈರು ಅಂಟಿಸಿಕೊಂಡು. ಸ್ಕೂಲಿಗೆ ಹೋಗಲ್ಲ ಎಂದು ಹಠ ಹಿಡಿದು ಬ್ಯಾಗಿನ ಸಮೇತ ಅವಳೂ ಬಂದಿದ್ದಳು. ಬಾಗಿಲ ಸಂದಿಯಿಂದ ಎಲ್ಲ ಕಾಣುತ್ತಿತ್ತು.

"ಆಗ್ತಿಲ್ಲ ಅಂದ್ರೆ ಸಾಕು ಅನ್ನಿ. ನಿಲ್ಲಿಸ್ಬಿಡ್ತೀವಿ," ಎಂದರು ಡಾಕ್ಟರಮ್ಮ.

ತಾಪತ್ರಯ ಇದ್ದದ್ದೇ ಅಲ್ಲಿ. ಅಪ್ಪ ಸಾಕು ಅನ್ನುವ ಪೈಕಿಯೇ ಅಲ್ಲ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವ ಕೆಲಸ ಅವನದು. ಮೊನ್ನೆ ಮೊನ್ನೆ ಎದೆ ಹಿಂಡುತ್ತಿದ್ದರೂ ಸಿಲಿಂಡರನ್ನು ಮೇಲಿನ ಮಹಡಿಗೆ ಮುಟ್ಟಿಸಿ, ಆಮೇಲೆ ಮೆಟ್ಟಿಲ ಮೇಲೆ ಕುಸಿದಿದ್ದ. ನಲವತ್ತು ಕೂಡ ದಾಟದವನಿಗೆ ಹಾರ್ಟ್ ಅಟ್ಯಾಕಾ ಎಂದು ಅಕ್ಕಪಕ್ಕದವರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು.

ಮೆಷಿನ್ ಗುಂಯ್ ಎಂದಿತು. ಮೊದಲು ನಿಧಾನ, ಆಮೇಲೆ ಜೋರು. ಅಪ್ಪನ ಹಣೆಯಲ್ಲಿ ಬೆವರು ಇಳಿಯಿತು. ಅವಳು ಬಾಗಿಲ ಸಂದಿಗೆ ಮುಖ ಒತ್ತಿದಳು.

"ಹೇಗಿದೆ?" ಎಂದರು ಡಾಕ್ಟರಮ್ಮ.

"ಆರಾಮ್ ಮೇಡಂ. ಬೇಕಾದ್ರೆ ಇನ್ನೂ ಜೋರು ಮಾಡಿ," ಎಂದ ಅಪ್ಪ.

ಅವಳಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ನುಗ್ಗಿದಳು.

"ಡಾಕ್ಟರ್ ಆಂಟಿ, ಅಪ್ಪ ಸುಳ್ಳು ಹೇಳ್ತಿದ್ದಾನೆ. ಅವತ್ತೂ ಬೆಳಿಗ್ಗೆ ಎದೆ ನೀವ್ಕೋತಿದ್ದ. ಕೇಳಿದ್ರೆ ಏನಿಲ್ಲ ಕಣೆ ಅಂದ. ನಾನು ನಂಬಿ ಸ್ಕೂಲಿಗೆ ಹೋಗ್ಬಿಟ್ಟೆ."

ಹಿಂದೆಯೇ ಓಡಿಬಂದ ಅಮ್ಮ ಬಾಗಿಲಲ್ಲೇ ನಿಂತಳು.

ಡಾಕ್ಟರಮ್ಮ ಅವಳನ್ನು ಬೈಯಲಿಲ್ಲ. ಅಪ್ಪನತ್ತ ತಿರುಗಿದರು. "ಇದು ಓಟದ ಪಂದ್ಯ ಅಲ್ಲಪ್ಪಾ. ನಿಮ್ಮ ಹಾರ್ಟ್ ಎಷ್ಟು ತಡ್ಕೊಳ್ಳುತ್ತೆ ಅಂತ ಗೊತ್ತಾಗ್ಬೇಕು. ಮುಂದೆ ಇನ್ನೂ ಎಷ್ಟೋ ವರ್ಷ ಬಾಳ್ಬೇಕಾದೋರು ನೀವು. ನೀವೇ ನಿಜ ಹೇಳದಿದ್ರೆ ಮೆಷಿನ್ ಒಂದೇ ಏನ್ ಮಾಡುತ್ತೆ?"

ಅಪ್ಪ ಮಗಳ ಮುಖ ನೋಡಿದ. ಇನ್ನೂ ಸ್ವಲ್ಪ ಹೊತ್ತು ನಡೆದ.

"ಸಾಕು ಮೇಡಂ," ಎಂದ ಮೆಲ್ಲಗೆ. "ಉಸಿರು ಸಾಲ್ತಿಲ್ಲ."

ಮೆಷಿನ್ ನಿಧಾನವಾಗಿ ನಿಂತಿತು. ಡಾಕ್ಟರಮ್ಮ ಗೆರೆಗೆರೆಯ ಕಾಗದವನ್ನು ಉದ್ದಕ್ಕೂ ನೋಡಿದರು. "ಪರವಾಗಿಲ್ಲ, ಚೆನ್ನಾಗೇ ನಡೆದ್ರಿ. ದಿನಾ ವಾಕಿಂಗ್ ಮಾಡಿ, ಮಾತ್ರೆ ತಪ್ಪಿಸ್ಬೇಡಿ. ಭಾರ ಎತ್ತೋದು ಮಾತ್ರ ಈಗಲೇ ಬೇಡ."

ಅಪ್ಪ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಅವಳು ಹತ್ತಿರ ಹೋದಳು.

"ಎದೆ ನೋಯ್ತಿದ್ಯಾ?"

"ಇಲ್ಲ ಕಣೆ. ಸುಸ್ತು, ಅಷ್ಟೆ."

ಸುಸ್ತು ಎಂದು ಅಪ್ಪ ಒಪ್ಪಿಕೊಂಡದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗಾದರೆ ನೋವಿಲ್ಲ ಅಂದದ್ದೂ ನಿಜವೇ ಇರಬೇಕು.

"ಮಧ್ಯಾಹ್ನದ ಕ್ಲಾಸಿಗೆ ಹೋಗ್ತೀನಿ," ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು.