ಬಾಲ್ಕನಿಯಲ್ಲಿಲ್ಲದ ಡಬ್ಬಿ

ದೂರು ಠಾಣೆಗೆ ಬಂದದ್ದು ಎಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ. ದೂರುದಾರಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಸೊಂಟದ ಮೇಲೆ ಐದು ವರ್ಷದ ಮಗಳು. ಎತ್ತಿಕೊಳ್ಳುವ ವಯಸ್ಸು ಎಂದೋ ದಾಟಿದ ಮಗು. ಅದರ ಕಾಲು ತಾಯಿಯ ಮೊಣಕಾಲಿಗೆ ಬಡಿಯುತ್ತಿತ್ತು. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ, ಮಗುವನ್ನು ಇಳಿಸಲೂ ಇಲ್ಲ.

"ಹೇಳಿ," ಎಂದಳು ಇನ್‌ಸ್ಪೆಕ್ಟರ್.

"ಯಾರೋ ನನ್ನ ಮಗಳನ್ನ ಕರೀತಿದ್ದಾರೆ ಮೇಡಂ. ಮನೆ ಒಳಗಿಂದಾನೇ."

"ಗಂಡಸಿನ ದನಿಯಾ, ಹೆಂಗಸಿಂದಾ?"

"ನಂದೇ."

ದೂರು ಬರೆದುಕೊಳ್ಳುತ್ತಿದ್ದ ಪೇದೆಯ ಪೆನ್ನು ನಿಂತಿತು. ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ಲನ್ನು ಠಾಣೆಯಲ್ಲೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದರು. ದೊಡ್ಡ ಸಾಹೇಬರ ಗದರಿಕೆಯಿಂದ ಹಿಡಿದು ಠಾಣೆಯ ನಲ್ಲಿ ತೊಟ್ಟಿಕ್ಕುವ ಸದ್ದಿನವರೆಗೆ ಏನನ್ನಾದರೂ ಬಾಯಲ್ಲೇ ಬಿತ್ತರಿಸುವವನು. ಅವನ ನಾಲಿಗೆ ತುದಿಯಲ್ಲಿ ಒಂದು ತಮಾಷೆ ಸಿದ್ಧವಾಗಿತ್ತು. ಆ ಹೆಂಗಸಿನ ಮುಖ ನೋಡಿ ನುಂಗಿಕೊಂಡ.

ಅವಳು ಹೇಳಿದ್ದು ಇಷ್ಟು. ಮನೆ ತುಂಬ ವೈಫೈ ಸಿಗಲಿ ಎಂದು ಮೆಶ್ ಹಾಕಿಸಿದ್ದರು: ಹಾಲ್‌ನಲ್ಲಿ ಒಂದು ತಾಯಿ ಡಬ್ಬಿ, ಅದರಿಂದ ಸಿಗ್ನಲ್ ಪಡೆದು ಹಂಚುವ ಮರಿ ಡಬ್ಬಿಗಳು. ಮಗಳ ಮಂಚದ ಮೇಲೆ ಒಂದು ಕ್ಯಾಮೆರಾ, ಅದರಲ್ಲೇ ಮಾತಾಡುವ ಸ್ಪೀಕರ್. ಹಿಂದಿನ ವಾರ ರೌಟರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡಿತು. ಅಲ್ಲಿಂದ ಶುರು. ಮೊದಲು ಕ್ಯಾಮೆರಾದ ಕಣ್ಣು ತನ್ನಷ್ಟಕ್ಕೆ ಹೊತ್ತಿಕೊಂಡಿತು. ಆಮೇಲೆ ಒಂದು ಮಧ್ಯಾಹ್ನ ಅವಳು ಸ್ನಾನ ಮುಗಿಸಿ ಬಂದಾಗ ಮಗಳು ಸ್ಟೂಲ್ ಹತ್ತಿ ಮುಂಬಾಗಿಲ ಚಿಲಕ ಎಳೆಯುತ್ತಿದ್ದಳು.

"ಎಲ್ಲಿಗೆ ಹೊರಟೆ ಅಂದೆ. 'ನೀನೇ ಕರೆದ್ಯಲ್ಲಮ್ಮಾ, ಮೆಟ್ಟಿಲ ಹತ್ರ ಇದೀನಿ ಬಾ ಅಂತ' ಅಂದ್ಲು."

"ಪಾಸ್‌ವರ್ಡ್ ಬದಲಾಯಿಸಿದ್ರಾ?"

"ಮೂರು ಸಲ. ಹೆಲ್ಪ್‌ಲೈನಿನವರು ಅದನ್ನೇ ಹೇಳ್ತಾರೆ."

"ನಿಮ್ಮ ಕರೆ ನಮಗೆ ಅತ್ಯಮೂಲ್ಯ, ಆದ್ದರಿಂದ ಕಾಯ್ತಾನೇ ಇರಿ," ಎಂದು ರೇಡಿಯೋ ಹೆಲ್ಪ್‌ಲೈನಿನ ಸಕ್ಕರೆ ದನಿಯಲ್ಲಿ ಗೊಣಗಿದ. ಇನ್‌ಸ್ಪೆಕ್ಟರ್ ಕಣ್ಣು ಕೆಕ್ಕರಿಸಿದಳು. ಪ್ರಸಾರ ನಿಂತಿತು.

"ಕ್ಯಾಮೆರಾ ಕಿತ್ತಿಡಬಹುದಿತ್ತಲ್ಲ?"

"ಕಿತ್ತೆ. ಅವತ್ತು ಹಾಲ್‌ನಲ್ಲಿ ಹಾಡು ಕೇಳೋ ಸ್ಪೀಕರ್‌ನಿಂದ ಬಂತು."

ಗಂಡ ರೈಲು ಓಡಿಸುವವನು, ವಾರಕ್ಕೆ ನಾಲ್ಕು ದಿನ ಹಳಿ ಮೇಲೆ. ಅವಳು ಫೋನಿನಲ್ಲಿ ಹಿಡಿದ ರೆಕಾರ್ಡಿಂಗನ್ನು ಅವನಿಗೆ ಕಳಿಸಿದ್ದಳು. ಕೇಳಿದವನು, ಇದು ನಿನ್ನದೇ ದನಿ, ನಿನಗೆ ನಿದ್ದೆ ಸಾಲದು ಎಂದಿದ್ದ. ನಾಳೆ ಅವನ ಅಕ್ಕ ಬಂದು ಮಗುವನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. "ನನ್ನ ತಲೆ ಸರಿ ಹೋಗೋ ತನಕ," ಎಂದಳು ಅವಳು. "ಕಳಿಸಿದ್ರೆ ನಾನೇ ಹುಚ್ಚಿ ಅಂತ ಒಪ್ಪಿಕೊಂಡ ಹಾಗೆ. ಕಳಿಸದೆ ಇದ್ರೆ ಅದು ಮತ್ತೆ ಕರೆಯುತ್ತೆ."

ಇನ್‌ಸ್ಪೆಕ್ಟರ್ ರೆಕಾರ್ಡಿಂಗ್ ಹಾಕಿದಳು. *ಪುಟ್ಟೀ...* 'ಎಲ್ಲಿದೀಯಮ್ಮಾ?' ಎಂದಿತು ಅದರಲ್ಲಿ ಮಗುವಿನ ದನಿ. *ಇಲ್ಲೇ. ಸದ್ದು ಮಾಡಬೇಡ, ಬಾ ಕಂದ.* ಕರೆದದ್ದು ಎದುರಿಗಿದ್ದವಳ ದನಿಯೇ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ದಣಿವು. ಮಗು ತಾಯಿಯ ಹೆಗಲಿನಿಂದ ತಲೆಯೆತ್ತಿ ಫೋನನ್ನೂ ತಾಯಿಯನ್ನೂ ಮಿಕಿಮಿಕಿ ನೋಡಿತು. ಇನ್‌ಸ್ಪೆಕ್ಟರಿಗೆ ಬೆನ್ನಮೇಲೆ ಯಾರೋ ಒದ್ದೆ ಬೆರಳು ಎಳೆದಂತಾಯಿತು.

ಎರಡನೇ ಸಲ ಕೇಳುವಾಗ ಕೊನೆಯಲ್ಲಿ ಇನ್ನೊಂದು ಸದ್ದು ಸಿಕ್ಕಿತು. ಸ್ಪೀಕರಿನ ದನಿ 'ಬಾ' ಎನ್ನುತ್ತಿದ್ದ ಕ್ಷಣದಲ್ಲೇ, ಫೋನಿನ ಹತ್ತಿರದಿಂದ, ಅದೇ ದನಿಯಲ್ಲಿ ಒಂದು 'ಅಯ್ಯೋ'.

"ಒಂದೇ ಗಂಟಲು ಎರಡು ಮಾತು ಒಟ್ಟಿಗೆ ಆಡೋಕಾಗಲ್ಲ," ಎಂದಳು ಇನ್‌ಸ್ಪೆಕ್ಟರ್. "ನೀವು ಹುಚ್ಚಿ ಅಲ್ಲಮ್ಮ. ಕೂತ್ಕೊಳ್ಳಿ."

ಆಗ ಅವಳು ಕೂತಳು.

"ಮೊದಲೇ ಮುದ್ರಿಸಿಟ್ಟ ದನಿ ಇರಬಹುದಾ?" ಎಂದು ಇನ್‌ಸ್ಪೆಕ್ಟರ್ ರೇಡಿಯೋ ಕಡೆ ತಿರುಗಿದಳು.

"ಇಲ್ಲ ಮೇಡಂ. ಮಗು ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡ್ತಿದೆ. ಕೂತು ಮಾಡ್ತಿರೋರು ಯಾರೋ ಇದ್ದಾರೆ." ಅವನ ದನಿಯಲ್ಲಿ ಮೊದಲ ಬಾರಿಗೆ ಯಾರ ಅನುಕರಣೆಯೂ ಇರಲಿಲ್ಲ. "ನನ್ನ ಕೈಲಾಗಲ್ಲ ಇಷ್ಟು."

ಇನ್‌ಸ್ಪೆಕ್ಟರ್ ಮಗುವಿನ ಎತ್ತರಕ್ಕೆ ಬಗ್ಗಿದಳು. "ಪುಟ್ಟಿ, ಡಬ್ಬಿಯಿಂದ ಅಮ್ಮ ಮಾತ್ರ ಮಾತಾಡ್ತಾಳಾ?"

"ಮೊದಲು ಅಳಿಲು ಬಂತು. ಟೀವಿ ಅಳಿಲು. ನಾನು ಹೋಗು ಅಂದೆ. ಆಮೇಲೆ ಅಮ್ಮ ಬಂದ್ಲು."

"ಅಳಿಲನ್ನ ಯಾಕೆ ಓಡಿಸಿದೆ?"

"ನಂಗೆ ಅಮ್ಮ ಬೇಕಿತ್ತು."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ತಾಯಿಯ ಫೋನಿನಲ್ಲಿದ್ದ ರೌಟರ್ ಆ್ಯಪ್ ತೆಗೆಸಿದಳು. ಮೂರು ಹೆಸರು ಕಂಡವು: ಹಾಲ್, ಪುಟ್ಟಿ ರೂಮ್, ಬಾಲ್ಕನಿ. ಮೂರರ ಮುಂದೆಯೂ ಹಸಿರು ಚುಕ್ಕೆ.

"ಬಾಲ್ಕನೀಲಿ ಒಂದಿದೆಯಾ?"

ತಾಯಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬಾಲ್ಕನೀಲಿ ಏನೂ ಇಲ್ಲ ಮೇಡಂ. ಬಟ್ಟೆ ಒಣಗಿಸೋ ಹಗ್ಗ ಬಿಟ್ರೆ ಏನೂ ಇಲ್ಲ. ಆ ಡಬ್ಬಿ ಕೆಟ್ಟು ವರ್ಷ ಆಯ್ತು. ಕೆಂಪು ದೀಪ ಹತ್ತಿದ್ದು ಹೋಗಲೇ ಇಲ್ಲ. ಹಳೇ ಲ್ಯಾಪ್‌ಟಾಪ್ ಜೊತೆ ಮೆಟ್ಟಿಲ ಕೆಳಗಿನ ಕಪಾಟಲ್ಲಿ ಇಟ್ಬಿಟ್ಟೆ."

ಅವರ ಕಟ್ಟಡದಲ್ಲಿ ಅದೊಂದು ರೂಢಿ. ಬೇಡವಾದ ಸಾಮಾನನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಡುವುದು, ಬೇಕಾದವರು ಹೇಳದೆ ಕೇಳದೆ ಒಯ್ಯುವುದು. ಯಾರು ಒಯ್ದರೆಂದು ವಿಚಾರಿಸುವುದು ಸಣ್ಣತನ.

ಇಲಾಖೆಯ ಕಂಪ್ಯೂಟರ್ ವಿಭಾಗದವನಿಗೆ ಇನ್‌ಸ್ಪೆಕ್ಟರ್ ಫೋನ್ ಮಾಡಿದಳು.

"ಡಬ್ಬಿ ಕೆಟ್ಟಿರಲಿಲ್ಲ ಮೇಡಂ, ಹಳೇ ಸಾಫ್ಟ್‌ವೇರಿಗೆ ಅದರ ಜೊತೆ ಸರಿಹೋಗ್ತಿರಲಿಲ್ಲ ಅಷ್ಟೆ," ಎಂದ ಅವನು. "ಅಪ್‌ಡೇಟ್ ಆಯ್ತು, ಮಾತುಕತೆ ಕೂಡಿಬಂತು. ತಾಯಿ ಡಬ್ಬಿ ಒಂದ್ಸಲ ತನ್ನದು ಅಂದುಕೊಂಡ ಮರೀನ ಮರೆಯಲ್ಲ. ಪಟ್ಟಿಯಿಂದ ತೆಗೆದುಹಾಕೋ ತನಕ ಹುಡುಕ್ತಾನೇ ಇರುತ್ತೆ."

"ಪಾಸ್‌ವರ್ಡ್ ಬದಲಾಯಿಸಿದ್ದಾರಲ್ಲ?"

"ತಾಯಿ ತನ್ನ ಮರಿಗಳಿಗೆಲ್ಲ ಹೊಸ ಪಾಸ್‌ವರ್ಡ್ ತಾನೇ ಮುಟ್ಟಿಸುತ್ತೆ. ಅವರು ಬೀಗ ಬದಲಾಯಿಸಿದ ಪ್ರತಿ ಸಲ ಹೊಸ ಬೀಗದಕೈ ಕಳ್ಳನ ಮನೆಗೇ ಹೋಗಿದೆ. ಮತ್ತೆ ಆ ಲ್ಯಾಪ್‌ಟಾಪನ್ನ ಅಳಿಸದೇ ಕೊಟ್ಟಿದ್ರೆ ಮನೆಯ ಕ್ಯಾಮೆರಾ, ಸ್ಪೀಕರ್ ಎರಡರ ಖಾತೆಯೂ ಅದರೊಳಗೆ ತೆರೆದೇ ಕೂತಿರುತ್ತೆ. ತಂತಿ ಹಾಕಿ ಡಬ್ಬಿಗೆ ಜೋಡಿಸಿದ್ರೆ ಪಾಸ್‌ವರ್ಡ್ ಕೇಳೋರೂ ಇಲ್ಲ."

"ಎಷ್ಟು ದೂರ ಇರಬಹುದು?"

"ದೂರ ಎಲ್ಲಿಂದ ಬಂತು ಮೇಡಂ. ಮೇಲೆ, ಕೆಳಗೆ, ಪಕ್ಕ. ಅದೇ ಕಟ್ಟಡ."

ದೂರದ ಊರಿನ ಯಾವನೋ ಕಿಡಿಗೇಡಿ ಎಂದುಕೊಂಡಿದ್ದ ತಾಯಿ ಈಗ ದಿನಾ ನಮಸ್ಕಾರ ಮಾಡುತ್ತಿದ್ದ ಮುಖಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಳು.

"ಮೆಶ್ ಅಂದ್ರೆ ಬಲೆ ಅಂತ ತಾನೇ ಮೇಡಂ?" ಎಂದ ರೇಡಿಯೋ. "ಬೀಸೋಣ, ನಮ್ಮ ಕಸುಬೇ ಅದು."

ಮಗುವನ್ನು ಠಾಣೆಯಲ್ಲಿ ಮಹಿಳಾ ಪೇದೆಯ ಬಳಿ ಬಿಡಬೇಕೆಂದಾಗ ತಾಯಿ ಒಪ್ಪಲಿಲ್ಲ. ಮಗು ಮನೆಯಲ್ಲಿದೆ ಎಂದು ಆ ದನಿ ನಂಬಬೇಕು, ಆದರೆ ಮಗು ಅಲ್ಲಿರಬಾರದು ಎಂದು ತಿಳಿಹೇಳಿದ ಮೇಲೆ ತೋಳು ಸಡಿಲಿಸಿದಳು. ಠಾಣೆಯ ವಿಶ್ರಾಂತಿ ಕೋಣೆಯ ಉದ್ದದ ದಿಂಬಿಗೆ ಅಂದು ಬಡ್ತಿ ಸಿಕ್ಕಿತು. ಅದಕ್ಕೆ ಮಗುವಿನ ಶಾಲು ಸುತ್ತಿ, ಟೋಪಿ ಹಾಕಿ, ತಾಯಿ ಹೆಗಲ ಮೇಲೆ ಮಲಗಿಸಿಕೊಂಡಳು. ಇನ್‌ಸ್ಪೆಕ್ಟರ್ ಸಾದಾ ಉಡುಪಿನಲ್ಲಿ. ರೇಡಿಯೋ ಕೈಯಲ್ಲಿ ರಿಪೇರಿ ಚೀಲ.

ಎರಡೂವರೆಗೆ ಮೂವರೂ ಮೆಟ್ಟಿಲು ಹತ್ತುವಾಗ ಮೇಲಿನಿಂದ ಒಬ್ಬ ಹೆಂಗಸು ಇಳಿದು ಬಂದಳು. ಐವತ್ತರ ಆಸುಪಾಸು, ಕತ್ತಿಗೆ ಉಣ್ಣೆಯ ಮಫ್ಲರ್. ತಾಯಿ ಅಭ್ಯಾಸಬಲದಿಂದ ನಕ್ಕಳು. "ಏನತ್ತೆ, ಇನ್ನೂ ಗಂಟಲು ಸರಿಹೋಗಲಿಲ್ವಾ?"

ಅವಳು ಗಂಟಲು ಮುಟ್ಟಿ ಇಲ್ಲವೆಂದು ಸನ್ನೆ ಮಾಡಿದಳು.

"ವೈಫೈ ರಿಪೇರಿಯವರು. ಮೂರು ಗಂಟೆಗೆ ಮುಗಿಸಿ ಹೊರಟೇಬಿಡ್ತೀವಿ," ಎಂದ ರೇಡಿಯೋ ಹೆಲ್ಪ್‌ಲೈನ್ ದನಿಯಲ್ಲಿ. ಮಫ್ಲರಿನವಳು ತಲೆದೂಗಿದಳು. ನಂತರ ಶಾಲಿನೊಳಗಿನ ತಲೆ ಸವರಲು ಕೈ ಚಾಚಿದಳು.

ತಾಯಿ ಸರಕ್ಕನೆ ಪಕ್ಕಕ್ಕೆ ತಿರುಗಿದಳು. "ಈಗಷ್ಟೇ ಮಲಗಿದಾಳೆ ಅತ್ತೆ."

ಕೈ ಗಾಳಿಯಲ್ಲಿ ನಿಂತಿತು. ಬೆರಳುಗಳು ತುಸು ಹೊತ್ತು ಹಾಗೇ ಇದ್ದು, ಮಡಚಿಕೊಂಡು ಹಿಂದೆ ಹೋದವು.

ಮನೆಯೊಳಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಪಿಸುಗುಟ್ಟಿದಳು. "ಯಾರವರು?"

"ಮೇಲಿನ ಮನೆ ಅತ್ತೆ. ಕಳೆದ ವರ್ಷದ ತನಕ ಪುಟ್ಟಿನ ಅವರೇ ನೋಡ್ಕೋತಿದ್ರು. ಬಲು ಒಳ್ಳೆಯವರು."

"ಯಾಕೆ ಬಿಡಿಸಿದ್ರಿ?"

ತಾಯಿ ದಿಂಬಿಗೆ ಹೊದಿಕೆ ಹೊದಿಸುತ್ತಿದ್ದಳು.

ಎಂಟು ಮನೆಗಳ ಮೀಟರುಗಳೂ ನೆಲಮಹಡಿಯ ಒಂದೇ ಕೋಣೆಯಲ್ಲಿದ್ದವು. ರೇಡಿಯೋ ಅಲ್ಲಿ ನಿಂತ. ದನಿ ಶುರುವಾದೊಡನೆ ಒಂದೊಂದೇ ಮನೆಯ ಸ್ವಿಚ್ ಇಳಿಸಿ ಏರಿಸಬೇಕು. ಯಾರ ಮನೆ ಕತ್ತಲಾದಾಗ ದನಿ ನಿಲ್ಲುವುದೋ ಡಬ್ಬಿ ಅಲ್ಲಿದೆ. ಮೂರಕ್ಕೆ ಅವನು ಚೀಲ ಹೊತ್ತು, ಎಲ್ಲರಿಗೂ ಕೇಳುವಂತೆ 'ಬರ್ತೀವಮ್ಮಾ' ಎಂದು ಹೇಳಿಯೇ ಇಳಿದಿದ್ದ. ಇನ್‌ಸ್ಪೆಕ್ಟರ್ ಕ್ಯಾಮೆರಾದ ಪ್ಲಗ್ ಮತ್ತೆ ಸಿಕ್ಕಿಸಿ, ಅದರ ಕಣ್ಣಿಗೆ ಬೀಳದ ಮೂಲೆಯಲ್ಲಿ ತಾಯಿಯ ಜೊತೆ ಗೋಡೆಗೆ ಒರಗಿ ಕೂತಳು.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಕ್ಯಾಮೆರಾದ ಮೇಲೆ ಸಾಸಿವೆಯಷ್ಟು ನೀಲಿ ಚುಕ್ಕೆ ಹೊತ್ತಿತು. ಅದು ಬಲಕ್ಕೆ ತಿರುಗಿತು. ಎಡಕ್ಕೆ ತಿರುಗಿತು. ಮಂಚದ ಮೇಲೆ ನಿಂತಿತು.

"ಪುಟ್ಟೀ..."

ಪಕ್ಕದಲ್ಲಿ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇನ್‌ಸ್ಪೆಕ್ಟರ್ ಅವಳನ್ನು ತಿರುಗಿ ನೋಡಿದಳು. ಆ ಮಾತು ಇವಳ ಬಾಯಿಂದ ಬರಲಿಲ್ಲವೆಂದು ಕಣ್ಣಾರೆ ಕಂಡು ಖಾತ್ರಿ ಮಾಡಿಕೊಳ್ಳಬೇಕೆನ್ನಿಸಿತು. ಮೀಟರ್ ಕೋಣೆಗೆ ಸಂದೇಶ ಕಳಿಸಿದಳು.

"ಕಂದಾ, ಏಳು. ಅಮ್ಮ ಬಂದಿದೀನಿ."

ಕೆಳಗೆಲ್ಲೋ ಟೀವಿಯ ಗದ್ದಲ ಆರಿತು, ಮತ್ತೆ ಎದ್ದಿತು. ದನಿ ಮುಂದುವರಿಯಿತು.

"ಸಿಟ್ಟಾ ಅಮ್ಮನ ಮೇಲೆ? ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ ಇಬ್ಬರೂ?"

ಎದುರು ಮನೆಯ ತೊಳೆಯುವ ಯಂತ್ರ ನರಳಿ ನಿಂತಿತು. ದನಿ ನಿಲ್ಲಲಿಲ್ಲ. ಈಗ ಅದು ಗದ್ಗದವಾಗಿತ್ತು, ಆ ಗದ್ಗದವೂ ಇವಳದೇ. "ಚಿಲಕ ತೆಗೆಯೋಕೆ ಬರುತ್ತಲ್ಲ ನಿಂಗೆ. ಸ್ಟೂಲ್ ಇಟ್ಕೋ. ಚಪ್ಪಲಿ ಬೇಡ, ಸದ್ದಾಗುತ್ತೆ. ನಾನು ಮೆಟ್ಟಿಲ ಹ..."

ನಿಂತಿತು. ಮಾತಿನ ನಡುವೆಯೇ, ಕತ್ತರಿಸಿದ ಹಾಗೆ.

ಕ್ಯಾಮೆರಾದ ನೀಲಿ ಆರಿತು. ಫೋನಿನಲ್ಲಿ 'ಬಾಲ್ಕನಿ'ಯ ಮುಂದಿನ ಹಸಿರು ಚುಕ್ಕೆ ಅರೆ ನಿಮಿಷದಲ್ಲಿ ಬೂದಿ ಬಣ್ಣಕ್ಕೆ ತಿರುಗಿತು. ಹಿಂದೆಯೇ ರೇಡಿಯೋನ ಸಂದೇಶ ಬಂತು: *ಮೂರನೇ ಮಹಡಿ. ನಿಮ್ಮ ನೆತ್ತಿ ಮೇಲಿನ ಮನೆ.*

ತಾಯಿ ಒಂದೇ ಮಾತು ಹೇಳಿದಳು. "ಒಂದು ದಿನ ಪುಟ್ಟಿ ಅವರನ್ನ ಅಮ್ಮಾ ಅಂದ್ಲು. ಅದಕ್ಕೇ ಬಿಡಿಸಿದೆ."

ಮೂರನೇ ಮಹಡಿಗೆ ಇನ್‌ಸ್ಪೆಕ್ಟರ್ ಮುಂದೆ, ತಾಯಿ ಹಿಂದೆ. ಬರಬೇಡಿ ಎಂದರೂ ಅವಳು ನಿಲ್ಲಲಿಲ್ಲ. ಬಾಗಿಲು ತಟ್ಟಿದಾಗ ಒಳಗಿನಿಂದ, "ಬಂದೆ, ಒಂದು ನಿಮಿಷ," ಎಂದಿತು ದನಿ. ಬೆನ್ನ ಹಿಂದೆ ನಿಂತಿದ್ದವಳ ದನಿ, ಕದದ ಆಚೆಯಿಂದ.

ಬಾಗಿಲು ತೆರೆಯಿತು. ಮಫ್ಲರ್ ಇರಲಿಲ್ಲ. ತನ್ನ ಬಾಯಿಂದ ಯಾವ ದನಿ ಹೊರಟಿತೆಂದು ಅವಳಿಗೆ ಆಗಷ್ಟೇ ಹೊಳೆದಂತಿತ್ತು. ತುಟಿಯ ಮೇಲೆ ಕೈಯಿಟ್ಟುಕೊಂಡಳು.

ಪಂಚನಾಮೆ ಮಾಡಿ ವಶಪಡಿಸಿಕೊಂಡದ್ದು: ಮೆಶ್ ಡಬ್ಬಿ ಒಂದು, ಅದಕ್ಕೆ ತಂತಿಯಿಂದ ಜೋಡಿಸಿದ ಹಳೆಯ ಲ್ಯಾಪ್‌ಟಾಪ್ ಒಂದು, ಮೈಕ್ ಒಂದು. ಪಕ್ಕದ ಕೋಣೆಯಲ್ಲಿ ಹೊಸ ಹಾಸಿಗೆ ಹಾಸಿದ ಸಣ್ಣ ಮಂಚವಿತ್ತು. ಅದರ ಮೇಲೆ ಐದು ವರ್ಷದ ಮಗುವಿನ ಅಳತೆಯ ಫ್ರಾಕು, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಆ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹಾಕಿಸಿದ್ದಳು. ಮರದ ಪುಡಿ ಇನ್ನೂ ನೆಲದ ಮೇಲಿತ್ತು. ಸಂಜೆ ನಾಲ್ಕೂಮುಕ್ಕಾಲಿಗೆ ಬಂಧನವಾಯಿತು.

ಠಾಣೆಯಲ್ಲಿ ಮೇಲಿನ ಮನೆಯವಳು ಹೇಳಿಕೆ ಕೊಟ್ಟದ್ದು ತನ್ನ ದನಿಯಲ್ಲಿ. ಒಡಕು, ತೆಳು ದನಿ. ಯಾವ ಜನಜಂಗುಳಿಯಲ್ಲೂ ಯಾರೂ ತಿರುಗಿ ನೋಡದಂಥದು. ಇಪ್ಪತ್ತು ವರ್ಷ ಡಬ್ಬಿಂಗ್ ಮಾಡಿದವಳು. ಕಾರ್ಟೂನಿನ ಅಳಿಲು ಅವಳೇ. ಕಂಪನಿಯವರು ಯಂತ್ರಕ್ಕೆ ಅವಳ ದನಿ ಕಲಿಸಿ, ಅಳಿಲನ್ನು ಉಳಿಸಿಕೊಂಡು, ಅವಳನ್ನು ಬಿಟ್ಟಿದ್ದರು.

"ಆ ಡಬ್ಬೀನ ಯಾಕೆ ತಂದ್ರಿ?"

"ಲ್ಯಾಪ್‌ಟಾಪಿಗೆ ಬೇಕಾಗಬಹುದು ಅಂತ ತಂದೆ. ಕೆಲಸ ಮಾಡಲಿಲ್ಲ. ಕೆಂಪು ದೀಪ ಹತ್ತುತ್ತಿತ್ತಲ್ಲ, ಮನೇಲಿ ಇನ್ಯಾರೋ ಇದ್ದ ಹಾಗಿತ್ತು, ಕಿತ್ತಿಡಲಿಲ್ಲ. ಒಂದು ದಿನ ಆ ದೀಪ ತಾನಾಗೇ ಬೆಳ್ಳಗಾಯ್ತು. ಲ್ಯಾಪ್‌ಟಾಪ್ ತೆಗೆದೆ, ಅದರ ಪರದೇಲಿ ಪುಟ್ಟಿ ಮಲಗಿದ್ಲು."

"ಮಗು ಮೇಲೆ ಬಂದಿದ್ರೆ ವಾಪಸ್ ಕಳಿಸ್ತಿದ್ರಾ?"

"ಚಿಲಕ ನೋಡಿದ್ರಲ್ಲ ಮೇಡಂ."

"ತಾಯಿ ದನಿ ಯಾಕೆ? ಅಳಿಲೇ ಸಾಕಿತ್ತಲ್ಲ."

"ಅಳಿಲನ್ನ ಹೋಗು ಅಂದ್ಬಿಟ್ಲು. ನನ್ನ ದನೀಲಿ ಕರೆದ್ರೆ ಅತ್ತೆ ಅಂತಾಳೆ." ಅವಳ ಕಣ್ಣು ಗೋಡೆಯ ಮೇಲಿತ್ತು. "ಅವರ ದನೀಲಿ ಕರೆದಾಗ ಮಾತ್ರ 'ಬಂದೆ ಅಮ್ಮಾ' ಅಂತಿದ್ಲು. ಅದನ್ನ ಕೇಳೋಕೆ."

ರೇಡಿಯೋ ಆ ದಿನ ಮತ್ತೆ ಯಾರ ದನಿಯನ್ನೂ ಮಾಡಲಿಲ್ಲ. ಇನ್‌ಸ್ಪೆಕ್ಟರ್ ರೈಲು ಓಡಿಸುವವನಿಗೆ ಖುದ್ದಾಗಿ ಫೋನ್ ಮಾಡಿ, ನಾಳೆ ಅಕ್ಕನನ್ನು ಕಳಿಸುವ ಅಗತ್ಯವಿಲ್ಲ, ನೀವೇ ಬನ್ನಿ ಎಂದಳು.

ಮಗು ಒಳಗಿನ ಕೋಣೆಯಲ್ಲಿ ಮಹಿಳಾ ಪೇದೆಯ ಟೋಪಿ ಹಾಕಿಕೊಂಡು ಆಡುತ್ತಿತ್ತು. ತಾಯಿ ಹೊಸ್ತಿಲ ಆಚೆಯಿಂದಲೇ ಕರೆದಳು. "ಪುಟ್ಟೀ, ಬಾ ಕಂದ. ಮನೆಗೆ ಹೋಗೋಣ."

ಆಟದ ಸದ್ದು ನಿಂತಿತು. ಉತ್ತರ ಬರಲಿಲ್ಲ.

ಮತ್ತೊಮ್ಮೆ ಕರೆದಳು. ಆಗಲೂ ಇಲ್ಲ. ತಾಯಿ ಒಳಗೆ ಹೋಗಿ ಮುಂದೆ ಕೂತಳು. ಮಗು ಟೋಪಿ ಸರಿಸಿ ಅವಳ ಮುಖ ನೋಡಿತು. ಹತ್ತಿರ ಬಂದು, ಪುಟ್ಟ ಅಂಗೈಯನ್ನು ಅವಳ ತುಟಿಗಳ ಮೇಲೆ ಒತ್ತಿ ಹಿಡಿಯಿತು.

"ಈಗ ಕರಿ," ಎಂದಿತು.