ಮೊದಲ ಬೆಳೆಯ ಬುಟ್ಟಿ

"ಆ ಬುಟ್ಟಿ ಗೇಟು ದಾಟಿ ಒಳಗೆ ಬಂದ್ರೆ ನೋಡಿ ಮತ್ತೆ!"

ಲೋಹಿತಾ ಟೀಚರ್ ಎರಡೂ ಕೈ ಚಾಚಿ ಶಾಲೆಯ ಗೇಟಿಗೆ ಅಡ್ಡ ನಿಂತಿದ್ದಳು. ಎದುರಿಗೆ ರುದ್ರಮುನಿ. ಅವನ ತಲೆಯ ಮೇಲಿನ ಬುಟ್ಟಿಯಲ್ಲಿ ಆಗತಾನೇ ಬೇಯಿಸಿದ ಕಡಲೆಕಾಯಿ ಹಬೆಯಾಡುತ್ತಿತ್ತು. ವೈ.ಎನ್.ಹೊಸಕೋಟೆ ಕಡೆಯ ಆ ಊರಿನಲ್ಲಿ ಅವನ ಮನೆಯ ಹೊಲದಿಂದ ಕಿತ್ತ ಮೊದಲ ಕಾಯಿ ಶಾಲೆ ಮಕ್ಕಳಿಗೇ ಹೋಗಬೇಕು, ಅದು ತಾತನ ಕಾಲದ ಪದ್ಧತಿ. ತಾತನಿಗೆ ಮಕ್ಕಳ ಮೇಲೆ ಪ್ರೀತಿ. ಮೊಮ್ಮಗನ ಪ್ರೀತಿ ಟೀಚರ್ ಮೇಲೆ. ಅದು ಟೀಚರಿಗೂ ಗೊತ್ತಿತ್ತು, ಸುಳ್ಳೇಕೆ.

"ಕಡ್ಲೆಕಾಯಿ ಕಣ್ರೀ ಮೇಡಂ, ಬಾಂಬಲ್ಲ." ಬುಟ್ಟಿಯ ಕೆಳಗಿಂದ ಒಂದು ಹುಬ್ಬೇರಿಸಿ, ಕಣ್ಣಲ್ಲೇ ನಕ್ಕ.

"ರಕ್ಷಾಗೆ ಅದು ಬಾಂಬೇ."

ಅವನ ನಗು ಅರ್ಧಕ್ಕೇ ನಿಂತಿತು. ಮೂರನೇ ಕ್ಲಾಸಿನ ರಕ್ಷಾಗೆ ಕಡಲೆಕಾಯಿ ಆಗುವುದಿಲ್ಲ. ಯುಗಾದಿ ಹೊತ್ತಿಗೆ ಕ್ಲಾಸಿನಲ್ಲಿ ಪಕ್ಕ ಕೂತವಳು ಕೊಟ್ಟ ಚೂರು ಚಿಕ್ಕಿಗೆ ತುಟಿ ಊದಿ, ಗಂಟಲು ಕಟ್ಟಿ, ಉಸಿರು ಸಿಗದೆ ಒದ್ದಾಡಿಬಿಟ್ಟಿತ್ತು ಮಗು. ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವಳು ಲೋಹಿತಾನೇ. ಇನ್ನು ಸ್ವಲ್ಪ ತಡವಾಗಿದ್ದರೆ ಜೀವ ಹೋಗುತ್ತಿತ್ತು ಎಂದಿದ್ದರು ಡಾಕ್ಟರು. ಅಂದಿನಿಂದ ಊರಿಗೆಲ್ಲ ಹೇಳುತ್ತಲೇ ಇದ್ದಾಳೆ, ಊರ ಸಭೆಯಲ್ಲೂ ಎದ್ದು ನಿಂತು ಹೇಳಿದ್ದಳು, ಕೇಳಿದವರು ಯಾರು? ರಕ್ಷಾಳ ಅಜ್ಜಿಯೇ, "ದಿನಾ ಒಂದೊಂದು ಕಾಳು ತಿನ್ಸಿದ್ರೆ ಒಗ್ಗೋಗುತ್ತೆ ಬುಡಮ್ಮ" ಎಂದಿದ್ದಳು. ನೆನೆದರೆ ಲೋಹಿತಾಗೆ ಈಗಲೂ ಮೈ ಉರಿಯುತ್ತದೆ.

ಗಲಾಟೆ ಕೇಳಿ ಹೆಡ್ ಮೇಷ್ಟ್ರು ವೃಷಭೇಂದ್ರಪ್ಪ ಬಂದರು. "ಏನಮ್ಮಾ ಇದು ರಂಪ? ಆ ಮಗು ಒಂದನ್ನ ಹೊರಗೆ ವರಾಂಡದಲ್ಲಿ ಕೂರ್ಸಿ. ಉಳಿದೋರು ತಿನ್ಲಿ."

"ನಮ್ಮಮ್ಮನ್ನೂ ಸ್ಕೂಲಲ್ಲಿ ಹೊರಗೇ ಕೂರಿಸ್ತಿದ್ರು ಸಾರ್! ಅವಾಗ ಜಾತಿ ಅಂದ್ರು, ಈಗ ಕಾಯಿಲೆ ಅಂತೀರಾ? ಹೊರಗಿರಬೇಕಾಗಿರೋದು ಕಡ್ಲೆಕಾಯಿ, ಮಗು ಅಲ್ಲ!"

ಮೇಷ್ಟ್ರು ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ರುದ್ರಮುನಿ ಬುಟ್ಟಿ ಹೊತ್ತು ಹಿಂದಿರುಗಿದ. ಊರ ದೊಡ್ಡವರು ಮಹಾಲಿಂಗಯ್ಯನವರ ಮಗ ತಾನೇ, ಜಾತಿ ಮಾತು ಬಂತಲ್ಲ, ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಹೋಗಲಿ ಬಿಡು ಅಂದುಕೊಂಡಳು ಲೋಹಿತಾ. ಮನಸ್ಸು ಒಪ್ಪಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮಾರನೇ ದಿನ ಮಧ್ಯಾಹ್ನ ಅವನು ಬಂದೇ ಬಂದ. ಬರಿಗೈ, ಒಗೆದ ಅಂಗಿ, ಇನ್ನೂ ಒದ್ದೆಯಿದ್ದ ಕೂದಲು.

"ಮನೆಮನೆಗೂ ಹೇಳ್ಬುಟ್ಟು ಬಂದೆ ಮೇಡಂ. ಇನ್ಮೇಲೆ ಯಾವ ಮಗು ಜೇಬಲ್ಲೂ ಒಂದು ಬೀಜ ಬರಲ್ಲ. ಅಪ್ಪನೇ ಜೊತೆಗೆ ಬಂದ್ರು, ಎಲ್ಲಾ ಒಪ್ಕೊಂಡ್ರು."

ಅವಳು ಖುಷಿಪಡುತ್ತಾಳೆಂದು ಕಾದ. ಅವಳ ಕಣ್ಣು ಕೆಂಪಾದವು.

"ಇಷ್ಟು ದಿನ ನಾನು ಬಾಯಿ ಬಡ್ಕೊಂಡೆ, ಯಾರಿಗೂ ಕೇಳಿಸ್ಲಿಲ್ಲ. ನಿಮ್ಮಪ್ಪ ಕೆಮ್ಮಿದ್ರೆ ಸಾಕು, ಊರೇ ಒಪ್ಕೊಳ್ತು! ಆ ಮಗು ಜೀವ ಉಳಿಯೋಕೆ ನಿಮ್ಮನೆಯೋರ ಬಾಯೇ ಬೇಕಿತ್ತಾ?"

ರುದ್ರಮುನಿ ತಲೆ ತಗ್ಗಿಸಿದ. "ನಿಜ. ಸಭೇಲಿ ನೀವು ಹೇಳ್ದಾಗ ನಾನೂ ಮುಂದೇನೇ ಕೂತಿದ್ದೆ. ನಿಮ್ಮ ಮುಖ ನೋಡ್ತಾ ಕೂತ್ಬುಟ್ಟೆ. ಒಂದು ಮಾತೂ ಕಿವಿಗೆ ಹೋಗ್ಲಿಲ್ಲ. ನಿನ್ನೆ ನಾನೇ ಆ ಮಗೂನ ಕೊಂದಾಕ್ತಿದ್ನಲ್ಲ."

ನಗಬೇಕೋ ಬಯ್ಯಬೇಕೋ ಲೋಹಿತಾಗೆ ತಿಳಿಯಲಿಲ್ಲ. ಒಳಗೆ ಊಟದ ಸಾಲಿನ ನಡುವೆ ಗೆಳತಿಯರ ಪಕ್ಕ ಕೂತ ರಕ್ಷಾ ಅನ್ನ ಸಾಂಬಾರು ಕಲಸುತ್ತ ಏನೋ ಹರಟುತ್ತಿದ್ದಳು.

"ನಿಮ್ಮನ್ನ ಮದ್ವೆಯಾಗ್ಬೇಕು ಅಂತ ಆಸೆ ನಂಗೆ," ಎಂದ ಅವನು ಮೆಲ್ಲಗೆ. "ಹೆಂಗಾದ್ರೂ ಅಪ್ಪನ್ನ ಒಪ್ಸಿ ನಿಮ್ಮನೆಗೆ ಕಳಿಸ್ತೀನಿ."

"ಮತ್ತೆ ಅಪ್ಪನಾ! ಅವರು ಒಪ್ಲಿ, ಬಿಡ್ಲಿ. ನಮ್ಮಮ್ಮನ ಎದುರು ಕೂತು ನೀನೇ ಕೇಳು. ಅವರು ಏನಂತಾರೋ ಪೂರ್ತಿ ಕೇಳಿಸ್ಕೋ."

"ಯಾವತ್ತು ಬರ್ಲಿ?"

"ಇವತ್ತೇ ಬಾ," ಅಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಕೈ ಅವನ ಅಂಗಿಯ ತೋಳು ಹಿಡಿದುಕೊಂಡಿತ್ತು, ಬಿಡಲಿಲ್ಲ.